431ನೇ ಪುಟದ ಎರಡು ಪ್ರತಿಗಳು

ಲಿಫ್ಟ್ ಮೆಕ್ಯಾನಿಕ್ ವಾರಕ್ಕೆ ಎರಡು ಸಲ ನಲವತ್ತಮ್ಮನ ಮನೆಗೆ ಬರುತ್ತಿದ್ದ. ಮನೆ ಇದ್ದದ್ದು ನೆಲಮಹಡಿಯಲ್ಲಿ; ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಎದುರುಮನೆಯಾಕೆ ಒಂದು ತಿಂಗಳು ಕುತೂಹಲ ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟಳು. "ಹಳೇ ಟಿವಿ ಪುಟಗಳನ್ನ ಮತ್ತೆ ಶುರು ಮಾಡ್ತಿದ್ದಾನೆ, ನಾನು ಅಕ್ಷರ ತಿದ್ದಿ ಕೊಡ್ತೀನಿ" ಎಂದು ನಲವತ್ತಮ್ಮ ಹೇಳಿದಾಗ ಆಕೆಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಅದು ಇಂಟರ್ನೆಟ್ ಮನೆಮನೆಗೆ ಬರುವ ಮುಂಚಿನ ಸೇವೆ. ರಿಮೋಟಿನ ಒಂದು ಗುಂಡಿ ಒತ್ತಿದರೆ ಟಿವಿಯಲ್ಲಿ ಚಿತ್ರ ಹೋಗಿ ಕಪ್ಪು ಪರದೆ ಬರುತ್ತಿತ್ತು. ಮೂರಂಕಿಯ ಸಂಖ್ಯೆ ಒತ್ತಿದರೆ ಅಕ್ಷರಗಳ ಒಂದು ಪುಟ ತೆರೆಯುತ್ತಿತ್ತು. 100 ಮುಖಪುಟ, 150 ಹವಾಮಾನ, 431 ಬಸ್ಸಿನ ವೇಳೆ. ಪುಟಕ್ಕೆ ಇಪ್ಪತ್ತನಾಲ್ಕು ಸಾಲು, ಸಾಲಿಗೆ ನಲವತ್ತು ಮನೆ, ಮನೆಗೊಂದು ಅಕ್ಷರ. ಬಣ್ಣ ಬದಲಾಯಿಸಬೇಕಾದರೆ ಅದಕ್ಕೂ ಒಂದು ಮನೆ ಖಾಲಿ ಬಿಡಬೇಕು. ಆ ಖಾಲಿ ಮನೆಯೊಳಗೆ ಬಣ್ಣದ ಗುರುತು ಕಣ್ಣಿಗೆ ಕಾಣದಂತೆ ಕೂತಿರುತ್ತಿತ್ತು. ನಲವತ್ತಮ್ಮ ಅಲ್ಲಿ ಬೆಳಗಿನ ಪಾಳಿಯ ಮುಖ್ಯಸ್ಥೆ. ಸರ್ಕಾರ ಬಿದ್ದರೂ ಸರಿ, ಸೇತುವೆ ಬಿದ್ದರೂ ಸರಿ, "ನಲವತ್ತರಲ್ಲಿ ಹೇಳಿ" ಎನ್ನುತ್ತಿದ್ದಳು. ಕಚೇರಿಯಲ್ಲಿ ಬಿದ್ದ ಆ ಅಡ್ಡಹೆಸರು ಮನೆಗೂ ಬಂತು. ಗಂಡನೂ ಹಾಗೇ ಕರೆಯುತ್ತಿದ್ದ. ಸಿಟ್ಟು ಬಂದಾಗ ಮಾತ್ರ ನಿಜವಾದ ಹೆಸರು ಹಿಡಿಯುತ್ತಿದ್ದ.

ಸೇವೆ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಪುಟಗಳನ್ನು ಯಾರೂ ಕಾಪಾಡಿ ಇಟ್ಟಿರಲಿಲ್ಲ. ಆದರೆ ಅವು ಹಳೆಯ ವಿಡಿಯೊ ಟೇಪುಗಳಲ್ಲಿ ಬಚ್ಚಿಟ್ಟುಕೊಂಡಿವೆ ಎಂಬುದನ್ನು ಮೆಕ್ಯಾನಿಕ್ ಎಲ್ಲೋ ಓದಿದ್ದ. ಜನ ಮನೆಯಲ್ಲಿ ಧಾರಾವಾಹಿ, ಪಂದ್ಯ ಎಂದು ರೆಕಾರ್ಡ್ ಮಾಡಿದಾಗಲೆಲ್ಲ, ಚಿತ್ರದ ಮೇಲ್ತುದಿಯ ಕಾಣದ ಗೆರೆಗಳಲ್ಲಿ ಆ ಹೊತ್ತಿನ ಪುಟಗಳೂ ಟೇಪಿಗೆ ಇಳಿದಿದ್ದವು. ಅವನು ಮನೆಮನೆ ತಿರುಗಿ ನಾನೂರು ಟೇಪು ಕೂಡಿಹಾಕಿದ. ಒಂದೇ ಪುಟ ಅರ್ಧ ನಿಮಿಷಕ್ಕೊಮ್ಮೆ ತಿರುಗಿ ಬರುತ್ತಿತ್ತಾದ್ದರಿಂದ, ಒಂದು ಸುತ್ತಿನಲ್ಲಿ ಹಾಳಾದ ಅಕ್ಷರ ಇನ್ನೊಂದು ಸುತ್ತಿನಲ್ಲಿ ಸಿಗುತ್ತಿತ್ತು. ಯಾವ ಸುತ್ತಿನಲ್ಲೂ ಸಿಗದ ಅಕ್ಷರಕ್ಕೆ ಮನುಷ್ಯರ ತಲೆ ಬೇಕು. ಅದಕ್ಕೇ ಅವನು ನಲವತ್ತಮ್ಮನನ್ನು ಹುಡುಕಿಕೊಂಡು ಬಂದದ್ದು. ಬರುವ ಭಾನುವಾರ ಹಳೆಯ ಪುಟಗಳೂ, ಅವುಗಳ ಜೊತೆಗೆ ಇವತ್ತಿನ ಹವಾಮಾನ, ಇವತ್ತಿನ ಬಸ್ಸು, ಇವತ್ತಿನ ಸುದ್ದಿಯ ಹೊಸ ಪುಟಗಳೂ ಅದೇ ಕಪ್ಪು ಪರದೆಯ ಮೇಲೆ, ಈ ಸಲ ಇಂಟರ್ನೆಟ್ಟಿನ ಮೂಲಕ, ಎಲ್ಲರಿಗೂ ಸಿಗಬೇಕು ಎಂದು ದಿನ ಗೊತ್ತುಮಾಡಿದ್ದರು.

ಬಸ್ಸಿನ ಪುಟಕ್ಕೆ ಮಾತ್ರ ಬರೆಯುವವರು ಸಿಕ್ಕಿರಲಿಲ್ಲ. ಆ ಕೆಲಸ ಬಲ್ಲವಳು ಒಬ್ಬಳೇ, ನಲವತ್ತಮ್ಮನ ವಾರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದ ಎರಡನೇ ವರ್ಷ ಅವಳನ್ನು ಅದೇ ಕಚೇರಿಗೆ ಸೇರಿಸಿದವಳು ನಲವತ್ತಮ್ಮನೇ. ಈಗ ಅವಳಿಗೆ ಅರವತ್ತು. ನಲವತ್ತಮ್ಮನ ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ ದಿನ ಬಿಟ್ಟು ದಿನ ಬಂದು, ಅಕ್ಕನ ಕಾಲು ಹಿಡಿದು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದಳು.

"ಹದಿನಾಲ್ಕು. ಇನ್ನೂ ಮಡಿಸಿ ಅಕ್ಕ, ತುಕ್ಕು ಹಿಡಿದ ಬಾಗಿಲಿನಂಗೆ ಆಡ್ತಿದೆ."

"ನಿನ್ನ ಕೈಯೋ ಇಕ್ಕಳವೋ. ನಿಧಾನ."

"ಹದಿನೈದು. ಡಾಕ್ಟ್ರು ಹೇಳಿದ್ದು ಇಪ್ಪತ್ತು."

"ಬಸ್ಸಿನ ಪುಟ ನೀನು ಮಾಡ್ತೀಯಾ ಇಲ್ವಾ, ಅದನ್ನ ಹೇಳು ಮೊದಲು."

"ನನ್ನ ಕೈಯಲ್ಲಿ ತಪ್ಪಾಗತ್ತೆ ಅಕ್ಕ. ನಿಮಗೆ ಗೊತ್ತಲ್ಲ. ಹದಿನಾರು."

ಅಷ್ಟೇ. ಕಡ್ಡಿ ಮುರಿದ ಹಾಗೆ ಹೇಳಿದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಆ ಸಂಗತಿಯನ್ನು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಬೀರು ಸರಿಸದೆ ಅದರ ಸುತ್ತಲೇ ಗುಡಿಸುವಂತೆ ಮಾತು ಅದನ್ನು ಬಳಸಿಕೊಂಡು ಹೋಗುತ್ತಿತ್ತು.

ನಡೆದದ್ದು ಇಷ್ಟು. ಚಳಿಗಾಲದ ವೇಳಾಪಟ್ಟಿ ಜಾರಿಗೆ ಬಂದ ಮೊದಲ ದಿನ. ಬಂದರಿಗೆ ಹೋಗುವ ಮೊದಲ ಬಸ್ಸು ಅಂದಿನಿಂದ 6.20ರ ಬದಲು 5.50ಕ್ಕೆ. 431ನೇ ಪುಟ ಆ ಬೆಳಿಗ್ಗೆ ಹಳೆಯ 6.20ನ್ನೇ ತೋರಿಸಿತು. ಅದನ್ನು ನಂಬಿ ಬಂದ ಇಪ್ಪತ್ತೆಂಟು ಜನ ಚಳಿಯಲ್ಲಿ ನಿಂತು, ಹೋಗಿಯಾಗಿದ್ದ ಬಸ್ಸಿಗೆ ಕಾದರು. ಏಳು ದೂರಿನ ಪತ್ರ ಬಂದವು. ಅದರಲ್ಲಿ ಒಬ್ಬ ಹೆಣ್ಣುಮಗಳು, ಒಂದೂವರೆ ವರ್ಷಕ್ಕೆ ಹಡಗಿನ ಕೆಲಸಕ್ಕೆ ಹೊರಟಿದ್ದ ತಮ್ಮನನ್ನು ಕಳಿಸಿಕೊಡಲು ಹೋಗಿ, ಹಡಗು ಕಣ್ಣಿಗೂ ಬೀಳಲಿಲ್ಲವೆಂದು ಬರೆದಿದ್ದಳು. ದಾಖಲೆ ಪುಸ್ತಕದಲ್ಲಿ ಅಂದು 431ರ ಎದುರು ಇದ್ದದ್ದು ವಾರಗಿತ್ತಿಯ ಸಹಿ ಒಂದೇ. "ತಿದ್ದಿದ್ದೆ ಅಂತಲೇ ನೆನಪು. ಆದರೆ ಪುಟದಲ್ಲಿ ಇಲ್ಲ ಅಂದಮೇಲೆ ತಿದ್ದಿಲ್ಲ" ಎಂದು ಅವಳೇ ಹೇಳಿದಳು. ಪಾಳಿಯ ಮುಖ್ಯಸ್ಥೆಯಾಗಿ ವರದಿಗೆ ಸಹಿ ಹಾಕಿದವಳು ನಲವತ್ತಮ್ಮ. ವಾರಗಿತ್ತಿ ಏಳು ಜನಕ್ಕೂ ಕೈಬರಹದಲ್ಲಿ ಕ್ಷಮೆ ಕೇಳಿ ಬರೆದು, ಮೂರು ವಾರದಲ್ಲಿ ಕೆಲಸ ಬಿಟ್ಟಳು. ಬೇರೆ ಕೆಲಸಕ್ಕೆ ಹೋಗಲೇ ಇಲ್ಲ.

ಮಂಗಳವಾರ ಮೆಕ್ಯಾನಿಕ್ ಲ್ಯಾಪ್‌ಟಾಪು ತಂದು ಊಟದ ಮೇಜಿನ ಮೇಲೆ ಇಟ್ಟ. ಖಾಲಿ ಮನೆಗಳೊಳಗಿನ ಬಣ್ಣದ ಗುರುತುಗಳನ್ನೂ ಕಣ್ಣಿಗೆ ಕಾಣುವಂತೆ ಮಾಡುವ ಒಂದು ಪ್ರೋಗ್ರಾಮನ್ನು ಅವನು ಬರೆದಿದ್ದ. ಎಲ್ಲಿ ಟೇಪಿನ ದೋಷ, ಎಲ್ಲಿ ಮೂಲ ಎಂದು ತಿಳಿಯಲು ಅದು ಬೇಕಿತ್ತು.

"ಮೇಡಂ, ಒಂದು ಅನುಮಾನ. ಕೆಲವು ಪುಟದಲ್ಲಿ ತಲೆಬರಹದ ಹಿಂದಿನ ಖಾಲಿ ಮನೆಗಳಲ್ಲಿ ಬಿಳಿ ಗುರುತು, ಅದರ ಪಕ್ಕದಲ್ಲೇ ಹಳದಿ ಗುರುತು, ಎರಡೂ ಇವೆ. ಹಳದಿ ಒಂದೇ ಸಾಕಲ್ಲ? ಟೇಪಿನ ಕೊಳೆ ಅಂತ ಬಿಳೀದನ್ನ ತೆಗೆದುಬಿಡಲಾ?"

ನಲವತ್ತಮ್ಮ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತದೆಯೇ ನಕ್ಕಳು. "ತೆಗೀಬೇಡಪ್ಪಾ, ಅದು ನಂದು. ನಾನು ಕೆಲಸ ಕಲಿತ ಯಂತ್ರದಲ್ಲಿ ಮೊದಲನೇ ಬಣ್ಣ ಒಮ್ಮೊಮ್ಮೆ ಜಾರಿ ಹೋಗೋದು. ಅದಕ್ಕೆ ಹಿಂದೆ ಒಂದು ಬಿಳಿ ಹಾಕಿಡೋದು. ಯಂತ್ರ ಬದಲಾದ್ರೂ ಕೈ ಬಿಡಲಿಲ್ಲ. ಊರಿಗೆಲ್ಲ ಮನೆ ಉಳಿಸಿ ಅಂತ ಬುದ್ಧಿ ಹೇಳ್ತಾ, ನಾನೇ ಒಂದೊಂದು ಮನೆ ಹಾಳು ಮಾಡ್ತಿದ್ದೆ. ಬೇರೆ ಯಾರೂ ಹಾಗೆ ಮಾಡ್ತಿರಲಿಲ್ಲ."

"ಅಂದ್ರೆ ಬಿಳಿ-ಹಳದಿ ಇದ್ರೆ ನಿಮ್ಮ ಕೈ ಅಂತ."

"ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ. ಯಾವ ಪುಟ ಅದು?"

"431. ಇದೊಂದು ಮಜಾ ಟೇಪು ಮೇಡಂ. ಯಾರೋ ಬೆಳಿಗ್ಗೆ ಐದು ಗಂಟೆಯ ವ್ಯಾಯಾಮದ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟಿದ್ದಾರೆ. ಆಮೇಲೆ ನೋಡ್ಕೊಂಡು ಮಾಡೋಣ ಅಂತ ಇರ್ಬೇಕು. ಒಂದು ಸಲನೂ ಹಾಕಿ ನೋಡಿಲ್ಲ, ಹೊಸ ಟೇಪಿನ ಹಾಗಿದೆ. ಅಕ್ಷರ ಒಂದೂ ಹಾಳಾಗಿಲ್ಲ."

ನಲವತ್ತಮ್ಮ ಚಾಕು ಇಟ್ಟು ಕನ್ನಡಕ ಹಾಕಿಕೊಂಡಳು. ಪರದೆಯ ಮೇಲೆ ಎರಡು ಪುಟ ಅಕ್ಕಪಕ್ಕ ಇದ್ದವು. ಪ್ರತಿ ಪುಟದ ನೆತ್ತಿಯಲ್ಲಿ ದಿನಾಂಕ ಮತ್ತು ಗಡಿಯಾರ. ದಿನಾಂಕವನ್ನು ಅವಳು ಎರಡು ಸಲ ಓದಿದಳು. ಎಡಗಡೆಯದು 05:26:40. ತಲೆಬರಹ ಹಸಿರು, ಹಿಂದೆ ಒಂದೇ ಗುರುತು. ಬಂದರು, ಮೊದಲ ಬಸ್ಸು, 5.50. ಬಲಗಡೆಯದು 05:41:08. ತಲೆಬರಹ ಹಳದಿ, ಹಿಂದೆ ಬಿಳಿ. ಬಂದರು, ಮೊದಲ ಬಸ್ಸು, 6.20.

ಪತ್ತೆ ಹಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಸಾರಿಗೆ ಪುಟಗಳಿಗೆ ಹಳದಿ ತಲೆಬರಹ ಎಂಬ ನಿಯಮ ಅವಳೇ ಮಾಡಿದ್ದು. ವಾರಗಿತ್ತಿ ಅವಸರದಲ್ಲಿ ಹಸಿರು ಹಾಕಿದ್ದಾಳೆ. ಅದು ನಲವತ್ತಮ್ಮನ ಕಣ್ಣಿಗೆ ಬಿದ್ದಿದೆ. ಇವಳು ತನ್ನ ಯಂತ್ರದಲ್ಲಿ ಹಿಂದಿನ ಸಂಜೆ ತೆಗೆದಿಟ್ಟಿದ್ದ ಪ್ರತಿ ತೆರೆದು, ಬಣ್ಣ ಸರಿಮಾಡಿ, ಪ್ರಸಾರಕ್ಕೆ ಕಳಿಸಿದ್ದಾಳೆ. ಹೊಸ ಪುಟದ ಮೇಲೆ ಹಳೆಯ ಪುಟ ಕೂತಿದೆ. ಬಣ್ಣದ ತಿದ್ದುಪಡಿಯನ್ನು ಯಾರೂ ದಾಖಲೆ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಅವಳಿಗೆ ನೆನಪಿನಲ್ಲೂ ಉಳಿದಿರಲಿಲ್ಲ. ಈಗ ನೆನಪಿಸಿಕೊಳ್ಳಲು ನೋಡಿದರೂ ನೆನಪಾಗಲಿಲ್ಲ.

"ಎರಡರಲ್ಲಿ ಯಾವುದನ್ನ ಹಾಕ್ಲಿ ಮೇಡಂ? ಎರಡನೇದು ಕಡೇ ಪ್ರತಿ. ಸಾಮಾನ್ಯವಾಗಿ ನಾನು ಕಡೇದನ್ನ ಇಟ್ಟು ಮೊದಲಿನದು ಅಳಿಸ್ತೀನಿ."

"ಗುರುವಾರ ಹೇಳ್ತೀನಿ. ಎರಡೂ ಇರಲಿ ಅಲ್ಲೀ ತನಕ" ಎಂದಳು. ತರಕಾರಿ ಅರ್ಧ ಹೆಚ್ಚಿದ್ದು ಹಾಗೇ ಉಳಿಯಿತು.

ಮೆಕ್ಯಾನಿಕ್‌ಗೆ ಆ ಬೆಳಗಿನ ಕಥೆ ಗೊತ್ತಿರಲಿಲ್ಲ. ಆ ಕಥೆ, ಬಿಳಿ ಗುರುತಿನ ಅರ್ಥ ಎರಡನ್ನೂ ಬಲ್ಲವರು ಅವಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ಯಾರೂ ಇರಲಿಲ್ಲ. ಮೊದಲಿನದನ್ನು ಅಳಿಸು ಎಂದರೆ ಅವನು ಅಳಿಸುತ್ತಿದ್ದ. ನಲವತ್ತಮ್ಮ ಇದನ್ನೆಲ್ಲ ಯೋಚಿಸಲಿಲ್ಲವೆಂದಲ್ಲ. ಮೂರು ತಿಂಗಳಿಂದ ವಾರಗಿತ್ತಿ ಆ ಮನೆಗೆ ಬಂದು ಹೋಗುತ್ತಿದ್ದಳು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಇಬ್ಬರ ನಡುವೆ ಇದ್ದದ್ದು ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ, ಅಷ್ಟೇ. ಮಂಡಿಯ ನೆಪದಲ್ಲಿ ಈಗ ಜಗಳವಾಡುವಷ್ಟು ಸಲುಗೆ ಬಂದಿತ್ತು. ಅದು ಹೋದರೆ ಇನ್ನೊಮ್ಮೆ ಬರುವಷ್ಟು ವಯಸ್ಸು ಉಳಿದಿರಲಿಲ್ಲ.

ಸಂಜೆ ಗಂಡ ಕೇಳಿದ. "ಏನು, ಇವತ್ತು ಒಂದು ಅಕ್ಷರವೂ ಇಲ್ಲ?"

ಅವಳು ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಪೇಪರು ಮಡಿಸಿ ಪಕ್ಕಕ್ಕಿಟ್ಟ.

"ಹೇಳಲೇಬೇಕಾ?" ಎಂದ. "ಎಲ್ಲ ಮುಗಿದ ಕಥೆ. ಈಗ ತಾನೇ ನೀವಿಬ್ರೂ ನೆಟ್ಟಗೆ ಮಾತಾಡ್ತಿದ್ದೀರಿ."

"ನೀವಾಗಿದ್ರೆ?"

"ನಾನಾಗಿದ್ರೆ ಮಂಡಿ ಪೂರ್ತಿ ವಾಸಿ ಆಗೋ ತನಕ ಕಾಯ್ತಿದ್ದೆ. ಹೇಳಿದ ಮೇಲೆ ಕಾಲಿಗೆ ಬುದ್ಧಿ ಹೇಳಬೇಕಾಗಿ ಬಂದ್ರೆ ಕಾಲು ಗಟ್ಟಿ ಇರಬೇಕಲ್ಲ."

ಅವಳು ನಗಲಿಲ್ಲ. ಅವನೂ ನಗಲೆಂದು ಹೇಳಿರಲಿಲ್ಲ. "ಅವಳು ಬೀದಿ ಕೊನೆ ತನಕ ಹೋದವಳು ಬೀಗ ಹಾಕಿದೀನಾ ಅಂತ ನೋಡೋಕೆ ವಾಪಸ್ ಬರ್ತಾಳೆ ಅಂತ ತಮ್ಮ ಹೇಳ್ತಿದ್ದ. ದಿನಾ" ಎಂದ. ಅಷ್ಟು ಹೇಳಿ ಲೋಟ ತೊಳೆಯಲು ಎದ್ದುಹೋದ.

ಮರುದಿನ ಬುಧವಾರ. ವಾರಗಿತ್ತಿ ಹತ್ತು ಗಂಟೆಗೆ ಬಂದು, ಚಪ್ಪಲಿ ಬಿಟ್ಟು, ಚಾಪೆ ಹಾಸಿದಳು.

"ಇವತ್ತು ಚಾಪೆ ಬೇಡ. ಕುರ್ಚಿಯಲ್ಲಿ ಕೂತ್ಕೋ" ಎಂದಳು ನಲವತ್ತಮ್ಮ.

"ಕಳ್ಳಾಟ ಬೇಡ ಅಕ್ಕ. ಇಪ್ಪತ್ತು ಅಂದ್ರೆ ಇಪ್ಪತ್ತು."

"ಕೂತ್ಕೋ ಅಂದ್ನಲ್ಲ."

ಮೂವತ್ತು ವರ್ಷ ಊರಿನ ಸುದ್ದಿಯನ್ನು ನಲವತ್ತು ಅಕ್ಷರಕ್ಕೆ ಇಳಿಸಿದವಳಿಗೆ ತನ್ನ ಸುದ್ದಿ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಟೇಪಿನಿಂದ ಶುರು ಮಾಡಿದಳು, ವ್ಯಾಯಾಮದ ಕಾರ್ಯಕ್ರಮಕ್ಕೆ ಹೋದಳು, ಬಿಳಿ ಗುರುತಿಗೆ ಬಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತಿದೆ ಎಂದು ಅವಳಿಗೇ ಅನಿಸಿ, ನಿಲ್ಲಿಸಿ, ಮತ್ತೆ ಹೇಳಿದಳು.

"431 ನೀನು ಸರಿಯಾಗಿ ಬರೆದಿದ್ದೆ. ಕೆಡಿಸಿದ್ದು ನಾನು. ನನಗೆ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯ್ತು."

ವಾರಗಿತ್ತಿ ಚಾಪೆಯ ಅಂಚನ್ನು ಕಾಲಿನಿಂದ ನೇರ ಮಾಡಿದಳು.

"ಎಲ್ಲಿದೆ?" ಎಂದು ಕೇಳಿದಳು ಕೊನೆಗೆ.

ಮೆಕ್ಯಾನಿಕ್ ಲ್ಯಾಪ್‌ಟಾಪು ಅಲ್ಲೇ ಬಿಟ್ಟುಹೋಗಿದ್ದ. ನಲವತ್ತಮ್ಮ ಎರಡು ಪುಟ ತೆರೆದಳು. ವಾರಗಿತ್ತಿ ಬಲಗಡೆಯದನ್ನು ನೋಡಲೇ ಇಲ್ಲ. ಎಡಗಡೆಯ ಪುಟದ ಮೇಲೆ ಬೆರಳಿಟ್ಟು ಮೊದಲ ಸಾಲಿನಿಂದ ಓದಲು ಶುರುಮಾಡಿದಳು. ಬಂದರು 5.50, 7.05, 8.30. ಆಸ್ಪತ್ರೆ 6.10, 6.40. ಕಾರ್ಖಾನೆ 5.35. ಹದಿನೇಳು ಸಾಲಿನ ವೇಳೆಗಳನ್ನು ಒಂದೊಂದಾಗಿ, ತುಟಿ ಆಡಿಸುತ್ತ, ಎಲ್ಲೋ ಒಂದು ತಪ್ಪು ಕೈಗೆ ಸಿಕ್ಕೀತು ಎಂಬಂತೆ ಓದಿದಳು. ಆ ಚಳಿಗಾಲದ ವೇಳಾಪಟ್ಟಿ ಅವಳಿಗೆ ಇನ್ನೂ ಬಾಯಿಪಾಠ ಇತ್ತು. ಕೊನೆಯ ಸಾಲು ಮುಟ್ಟಿ ಬೆರಳು ತೆಗೆದಳು.

"ತಲೆಬರಹ ಹಸಿರು ಹಾಕಿದೀನಿ" ಎಂದಳು.

"ಹೂಂ."

"ಅದೊಂದೇ."

"ಅದೊಂದೇ."

ವಾರಗಿತ್ತಿ ಎದ್ದು ಚಾಪೆ ಸುತ್ತಿ ಮೂಲೆಗಿಟ್ಟಳು. ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲು ಎಳೆದುಕೊಂಡು ಹೊರಟುಹೋದಳು. ನಲವತ್ತಮ್ಮ ಕಿಟಕಿಯ ಬಳಿ ನಿಂತು ಅವಳು ಬೀದಿ ದಾಟುವುದನ್ನು ನೋಡಿದಳು. ಕೂಗಿ ಕರೆಯಬೇಕೆನಿಸಿತು. ಕರೆದು ಹೇಳುವುದಕ್ಕೆ ಬೇರೇನೂ ಇರಲಿಲ್ಲ.

ಗುರುವಾರ ಮೆಕ್ಯಾನಿಕ್ ಬಂದಾಗ ಎರಡು ಪ್ರತಿಯನ್ನೂ ಇಡಬೇಕು, ಎರಡನೆಯದರ ಕೆಳಗೆ ಒಂದು ಟಿಪ್ಪಣಿ ಹಾಕಬೇಕು ಎಂದಳು. ಟಿಪ್ಪಣಿ ಅವಳೇ ಬರೆದುಕೊಟ್ಟಳು: ಮೊದಲ ಪ್ರತಿ ಬರೆದವರದು ಸರಿ ಇತ್ತು, ಎರಡನೆಯದು ಪಾಳಿಯ ಮುಖ್ಯಸ್ಥೆಯ ತಪ್ಪು, ತಲೆಬರಹದ ಹಿಂದಿನ ಬಿಳಿ ಗುರುತು ಆಕೆಯದು. ಅವನು ಓದಿ ತಲೆ ಕೆರೆದುಕೊಂಡ.

"ಮೇಡಂ, ಯಾರು ಕೇಳ್ತಾರೆ ಇದನ್ನ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗತ್ತೆ."

"ಕಳ್ಳ ಅಂತ ಯಾರೂ ಅನ್ನದೇ ಇರೋವಾಗ್ಲೇ ಮುಟ್ಟಿಕೊಳ್ತಿದ್ದೀನಪ್ಪಾ. ಹಾಕು."

ಶುಕ್ರವಾರ ವಾರಗಿತ್ತಿ ಬರಲಿಲ್ಲ. ಗಂಡ ಮಂಡಿ ಹಿಡಿಯಲು ಬಂದು, ಎರಡನೇ ಸಲಕ್ಕೇ ತನ್ನ ಸೊಂಟ ಹಿಡಿದುಕೊಂಡು ಕೂತ. ತಮ್ಮನಿಗೆ ಫೋನು ಮಾಡಲಾ ಎಂದ. ಬೇಡ ಎಂದಳು. ಭಾನುವಾರ ಪುಟಗಳು ಶುರುವಾದವು. ಮೆಕ್ಯಾನಿಕ್ ಬಂದು ನಲವತ್ತಮ್ಮನ ಮನೆಯ ಹಳೆಯ ಡಬ್ಬಾ ಟಿವಿಗೆ ಒಂದು ಪೆಟ್ಟಿಗೆ ಜೋಡಿಸಿ 100 ಒತ್ತಿದ. ಕಪ್ಪು ಪರದೆಯ ಮೇಲೆ ಅಂದಿನ ದಿನಾಂಕ, ಅಂದಿನ ಗಡಿಯಾರ. ಸಂಜೆಯೊಳಗೆ ಆರುನೂರು ಜನ ನೋಡಿದ್ದರು. ಹಳೆಯ ಪುಟಗಳು ತಂತಮ್ಮ ದಿನಾಂಕದ ಕೆಳಗೆ ಬೇರೆಯಾಗಿದ್ದವು; ಹೊಸ ಪುಟಗಳಲ್ಲಿ 431 ಒತ್ತಿದರೆ 'ಈ ಪುಟ ಸಿದ್ಧವಾಗುತ್ತಿದೆ' ಎಂದಷ್ಟೇ ಬರುತ್ತಿತ್ತು. ಅದನ್ನು ನಲವತ್ತಮ್ಮ ಯಾರೂ ಇಲ್ಲದಾಗ ನಾಲ್ಕು ಸಲ ಒತ್ತಿ ನೋಡಿದಳು.

ಮಂಗಳವಾರ ಹತ್ತು ಗಂಟೆಗೆ ವಾರಗಿತ್ತಿ ಬಂದಳು. ಕೈಯಲ್ಲಿ ಒಂದು ರಟ್ಟಿನ ಫೈಲಿತ್ತು. ಚಾಪೆಯ ಕಡೆ ನೋಡದೆ ಮೇಜಿನ ಮುಂದೆ ಕೂತಳು.

"ಟಿಪ್ಪಣಿ ಓದಿದೆ" ಎಂದಳು. "ನಿಮ್ಮ ಮೈದುನರು ತೋರಿಸಿದ್ರು. ಚೆನ್ನಾಗಿ ಬರೆದಿದೀರಿ."

"ಹೊಟ್ಟೇಲಿ ಹಾಕ್ಕೋ ಅಂತ ಕೇಳೋಕೂ ನನಗೆ..."

"ತಡೀರಿ ಅಕ್ಕ. ನನಗೆ ಸಿಟ್ಟು ಬಂದಿದೆ. ಇನ್ನೂ ಇದೆ. ಐದು ದಿನ ಕೂತು ಯೋಚನೆ ಮಾಡಿದೆ, ಯಾರ ಮೇಲೆ ಅಂತ. ನೀವು ಬೇಕಂತ ಮಾಡಿಲ್ಲ, ಅದು ಗೊತ್ತು. ನನ್ನ ಮೇಲೆ ನನಗೇ ಜಾಸ್ತಿ. ತಿದ್ದಿದ್ದೆ ಅಂತ ನೆನಪಿತ್ತಲ್ಲ, ಅದನ್ನ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ನಾನು? ಗ್ಯಾಸು ಮೂರು ಸಲ ನೋಡ್ತೀನಿ. ಬೀಗ ಜಗ್ಗಿ ಜಗ್ಗಿ ಎರಡು ಹಿಡಿ ಕಿತ್ತುಬಂದಿದೆ. ಮಗಳ ಲಗ್ನಪತ್ರಿಕೆ ದಿನಾಂಕವನ್ನ ಎಂಟು ಜನರ ಹತ್ರ ಓದಿಸಿದೆ."

ಸಮಾಧಾನ ಹೇಳುವ ಹಕ್ಕು ತನಗಿಲ್ಲ ಎಂದು ನಲವತ್ತಮ್ಮನಿಗೆ ಗೊತ್ತಿತ್ತು.

ವಾರಗಿತ್ತಿ ಫೈಲು ಬಿಚ್ಚಿದಳು. ಒಳಗೆ ಏಳು ಜನರ ವಿಳಾಸ, ಅವಳು ಅಂದು ಬರೆದ ಪತ್ರಗಳ ನಕಲು. "ತಪ್ಪು ನನ್ನದು ಅಂತ ಈ ಏಳು ಜನಕ್ಕೆ ನಾನು ಬರೆದಿದೀನಿ. ಅದು ಸುಳ್ಳು ಸುದ್ದಿ ಆಯ್ತಲ್ಲ. ಈಗ ನೀವು ಬರೀರಿ. ನಾನು ವಿಚಾರಿಸಿದೆ. ಇಬ್ಬರು ತೀರಿಕೊಂಡಿದಾರೆ, ಒಬ್ಬರ ಪತ್ತೆ ಇಲ್ಲ. ನಾಲ್ಕು ಜನ ಇದಾರೆ."

"ಅವರಿಗೆ ನೆನಪಿರತ್ತಾ?"

"ಇರದಿದ್ರೆ ಇಲ್ಲ. ನನಗೆ ಇದೆ."

ನಲವತ್ತಮ್ಮ ಎದ್ದು, ಕೋಲೂರಿಕೊಂಡು ಹೋಗಿ ಕಾಗದ, ಪೆನ್ನು ತಂದಳು. ಯಾರಿಗೆ ಮೊದಲು ಎಂದು ಕೇಳಿದಳು. ತಮ್ಮನನ್ನು ಕಳಿಸಿಕೊಡಲು ಹೋಗಿದ್ದಳಲ್ಲ, ಅವಳಿಗೆ ಎಂದಳು ವಾರಗಿತ್ತಿ. ಆಮೇಲೆ ಸೇರಿಸಿದಳು, "ಅವನು ವಾಪಸ್ ಬಂದ, ಅಕ್ಕ. ಕೇಳ್ದೆ. ಈಗ ಅವರ ಬೀದಿಯಲ್ಲೇ ಸೈಕಲ್ ಅಂಗಡಿ ಇಟ್ಟಿದಾನಂತೆ."

ನಲವತ್ತಮ್ಮ ಬರೆಯತೊಡಗಿದಳು. ಎರಡು ಸಾಲು ಬರೆದು ಹೊಡೆದುಹಾಕಿದಳು, ಮತ್ತೆ ಬರೆದಳು. ಎದುರಿಗೆ ವಾರಗಿತ್ತಿ ಟಿವಿಯ ರಿಮೋಟು ತೆಗೆದುಕೊಂಡು ಒಂದೊಂದೇ ಪುಟ ತಿರುಗಿಸುತ್ತಿದ್ದಳು. ಹವಾಮಾನ, ಸುದ್ದಿ. ಖಾಲಿ ಬಸ್ಸಿನ ಪುಟಕ್ಕೆ ಬಂದು ನಿಂತಳು.

"ನಿನಗೂ ಒಂದು ಪತ್ರ ಬರೀಬೇಕು ನಾನು" ಎಂದಳು ನಲವತ್ತಮ್ಮ, ಕಾಗದದಿಂದ ತಲೆ ಎತ್ತದೆ.

"ನನಗೆ ಬೇಡ. ಬಾಯಲ್ಲಿ ಇನ್ನೊಂದು ಸಲ ಹೇಳಿ ಸಾಕು."

"ಏನನ್ನ?"

"ಅವತ್ತು ಹೇಳಿದ್ರಲ್ಲ, ಮೊದಲನೇ ಮಾತು."

ನಲವತ್ತಮ್ಮ ಪೆನ್ನು ಕೆಳಗಿಟ್ಟಳು. "ನೀನು ಸರಿಯಾಗಿ ಬರೆದಿದ್ದೆ" ಎಂದಳು.

ವಾರಗಿತ್ತಿ ತಲೆಯಾಡಿಸಿದಳು. ಮೇಜಿನ ಮೇಲೇ ಇದ್ದ ಮೆಕ್ಯಾನಿಕ್‌ನ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, ಕೀಲಿಗಳ ಮೇಲೆ ಬೆರಳಿಟ್ಟು, ಈಗಿನ ಬಸ್ಸಿನ ವೇಳಾಪಟ್ಟಿ ಎಲ್ಲಿ ಸಿಗತ್ತೆ ಎಂದು ಕೇಳಿದಳು.